ಪೈಥಾನ್ ವಿಸ್ತರಣಾ ಮಾಡ್ಯೂಲ್‌ಗಳು: ಕಂಪೈಲರ್ ದೋಷಗಳು ಮತ್ತು ಪರಿಹಾರ

ಪೈಥಾನ್ ವಿಸ್ತರಣಾ ಮಾಡ್ಯೂಲ್ ಎಂದರೆ ಸಿ, ಸಿ++, ರಸ್ಟ್ ಮೊದಲಾದ ಭಾಷೆಗಳಲ್ಲಿ ಬರೆದು, ಕಂಪೈಲರ್ ಮೂಲಕ ಯಂತ್ರಸಂಕೇತಕ್ಕೆ ಇಳಿಸಿ, ಪೈಥಾನ್ ಪ್ರೋಗ್ರಾಮಿನೊಳಗೆ ಇಂಪೋರ್ಟ್ ಮಾಡಿಕೊಳ್ಳಬಹುದಾದ ಕಡತ. ನಂಪೈ, ಪಿಲ್ಲೊ, ಎಲ್‌ಎಕ್ಸ್‌ಎಂಎಲ್, ಸೈಕೋಪಿಜಿ2, ಕ್ರಿಪ್ಟಾಗ್ರಫಿ ಮೊದಲಾದ ಹೆಸರಾಂತ ಪ್ಯಾಕೇಜುಗಳ ಒಳತಿರುಳು ಇಂಥ ಮಾಡ್ಯೂಲ್‌ಗಳೇ. ಇವನ್ನು ಬಳಕೆದಾರರ ಕಂಪ್ಯೂಟರಿನಲ್ಲೇ ಸೋರ್ಸ್ ಕೋಡ್‌ನಿಂದ ಕಟ್ಟಬೇಕಾಗಿ ಬಂದಾಗ ಕಂಪೈಲರ್ ಇಲ್ಲದೆಯೋ, ಇದ್ದರೂ ಕಣ್ಣಿಗೆ ಬೀಳದೆಯೋ, ಬೇಕಾದ ಹೆಡರ್ ಕಡತ ಸಿಗದೆಯೋ, ಆವೃತ್ತಿಗಳು ಹೊಂದದೆಯೋ ಕೆಲಸ ನಿಂತುಹೋಗುತ್ತದೆ. ಇವನ್ನು ಒಟ್ಟಾಗಿ ಕಂಪೈಲರ್ ಸಿದ್ಧತೆಯ ದೋಷಗಳು ಎನ್ನಬಹುದು. ಕೋಡ್ ಬರೆದವರ ತಪ್ಪಿಗಿಂತ ಕಟ್ಟುವ ಯಂತ್ರದ ಏರ್ಪಾಡಿನ ಕೊರತೆಯೇ ಇವುಗಳಿಗೆ ಹೆಚ್ಚಾಗಿ ಕಾರಣ. ಹಾಗಾಗಿ ಕೋಡ್ ತಿದ್ದುವುದಕ್ಕಿಂತ ಏರ್ಪಾಡನ್ನು ಸರಿಪಡಿಸುವುದೇ ಸಾಮಾನ್ಯವಾಗಿ ಪರಿಹಾರ.

## ಹಿನ್ನೆಲೆ

ಗೈಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್ ಇಂಟರ್‌ಪ್ರಿಟರ್ ಸಿ ಭಾಷೆಯಲ್ಲಿತ್ತು. ಅದರ ಮುಂದುವರಿಕೆಯಾದ ಇಂದಿನ ಸಿಪೈಥಾನ್ ಕೂಡ ಸಿ ಭಾಷೆಯಲ್ಲೇ ಇದೆ. ಅದರ ಒಳಗಿನ ಫಂಕ್ಷನ್‌ಗಳನ್ನು ಹೊರಗಿನ ಸಿ ಕೋಡ್ ಬಳಸಿಕೊಳ್ಳಲು ಬೇಕಾದ ಘೋಷಣೆಗಳೆಲ್ಲ ಪೈಥಾನ್.ಎಚ್ ಎಂಬ ಹೆಡರ್ ಕಡತದ ಮೂಲಕ ದೊರೆಯುತ್ತವೆ. ವಿಸ್ತರಣೆ ಬರೆಯುವವರು ಈ ಹೆಡರನ್ನು ಸೇರಿಸಿಕೊಂಡು, ‘ಪೈಇನಿಟ್’ ಎಂದು ಶುರುವಾಗಿ ಮಾಡ್ಯೂಲಿನ ಹೆಸರಿನಿಂದ ಮುಗಿಯುವ ಒಂದು ಫಂಕ್ಷನ್ ಒದಗಿಸಬೇಕು. ಇಂಪೋರ್ಟ್ ಹೊತ್ತಿನಲ್ಲಿ ಇಂಟರ್‌ಪ್ರಿಟರ್ ಮೊದಲು ಹುಡುಕುವುದು ಅದನ್ನೇ. ಕಟ್ಟಿದ ಕಡತಕ್ಕೆ ಲಿನಕ್ಸ್ ಮತ್ತು ಮ್ಯಾಕ್‌ಓಎಸ್‌ನಲ್ಲಿ ‘.ಎಸ್ಒ’, ವಿಂಡೋಸ್‌ನಲ್ಲಿ ‘.ಪಿವೈಡಿ’ ಎಂಬ ಬಾಲ ಇರುತ್ತದೆ. ಪಿವೈಡಿ ಎಂಬುದು ಹೆಸರು ಬದಲಿಸಿದ ಡಿಎಲ್‌ಎಲ್ ಅಷ್ಟೆ.

ಒಂದು ವಿಸ್ತರಣೆ ಸರಿಯಾಗಿ ಕಟ್ಟಿಕೊಳ್ಳಬೇಕಾದರೆ ಮೂರು ಪಕ್ಷಗಳು ಹೊಂದಿಕೊಳ್ಳಬೇಕು: ಇಂಟರ್‌ಪ್ರಿಟರ್, ಕಂಪೈಲರ್ ಮತ್ತು ಆ ಪ್ಯಾಕೇಜು ನೆಚ್ಚಿಕೊಂಡಿರುವ ಹೊರಗಿನ ಲೈಬ್ರರಿಗಳು. ಇಂಟರ್‌ಪ್ರಿಟರ್ 64-ಬಿಟ್ ಆಗಿದ್ದು ಕಂಪೈಲರ್ 32-ಬಿಟ್ ಕೋಡ್ ಹೊರಹಾಕಿದರೆ, ಹೆಡರ್ 3.10ರದಾಗಿದ್ದು ಓಡುವ ಪೈಥಾನ್ 3.12 ಆಗಿದ್ದರೆ, ಲೈಬ್ರರಿ ಇದ್ದು ಅದರ ಹೆಡರ್ ಇಲ್ಲದಿದ್ದರೆ ಕೆಲಸ ಕೆಡುತ್ತದೆ. ಮುಂದೆ ವಿವರಿಸುವ ದೋಷಗಳಲ್ಲಿ ಬಹುಪಾಲು ಈ ಮೂವರಲ್ಲಿ ಯಾರಾದರೂ ಇಬ್ಬರ ನಡುವಿನ ಹೊಂದಾಣಿಕೆ ತಪ್ಪಿದ್ದರ ಫಲ.

## ಕಟ್ಟುವ ಸಾಧನಗಳು

ವಿಸ್ತರಣೆಗಳನ್ನು ಕಟ್ಟಲು ಎಲ್ಲರಿಗೂ ಒಂದೇ ದಾರಿ ತೋರಿಸಿದ್ದು ಗ್ರೆಗ್ ವಾರ್ಡ್ ಆರಂಭಿಸಿದ ಡಿಸ್ಟ್‌ಯುಟಿಲ್ಸ್. ಅದು 2000ರಲ್ಲಿ ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿಗೆ ಸೇರಿತು. ಸೆಟಪ್.ಪೈ ಎಂಬ ಕಡತದಲ್ಲಿ ಮಾಡ್ಯೂಲಿನ ಹೆಸರು, ಸಿ ಕಡತಗಳ ಪಟ್ಟಿ ಕೊಟ್ಟರೆ ಸಾಕು, ಕಂಪೈಲರನ್ನು ಹುಡುಕಿ ಕರೆಯುವ ಹೊಣೆ ಅದರದು. 2004ರಲ್ಲಿ ಅದನ್ನು ವಿಸ್ತರಿಸುವ ಸೆಟಪ್‌ಟೂಲ್ಸ್, 2008ರಲ್ಲಿ ಪ್ಯಾಕೇಜುಗಳನ್ನು ಇಳಿಸಿ ಹಾಕುವ ಪಿಪ್ ಬಂದವು.

ಡಿಸ್ಟ್‌ಯುಟಿಲ್ಸ್‌ನ ಒಂದು ನಡೆಯನ್ನು ತಿಳಿಯದೆ ಈ ದೋಷಗಳು ಅರ್ಥವಾಗುವುದಿಲ್ಲ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಇಂಟರ್‌ಪ್ರಿಟರ್ ತಾನು ಯಾವ ಕಂಪೈಲರಿನಿಂದ, ಯಾವ ಆಯ್ಕೆಗಳೊಂದಿಗೆ ಕಟ್ಟಲ್ಪಟ್ಟಿತು ಎಂಬುದನ್ನು ಬರೆದಿಟ್ಟುಕೊಂಡಿರುತ್ತದೆ. ವಿಸ್ತರಣೆ ಕಟ್ಟುವಾಗಲೂ ಅದೇ ಕಂಪೈಲರ್, ಅದೇ ಆಯ್ಕೆಗಳು ಬಳಕೆಗೆ ಬರುತ್ತವೆ. ಇಂಟರ್‌ಪ್ರಿಟರನ್ನು ಕಟ್ಟಿದ ಯಂತ್ರವೇ ಬೇರೆ, ವಿಸ್ತರಣೆ ಕಟ್ಟುತ್ತಿರುವ ಯಂತ್ರವೇ ಬೇರೆ ಆದಾಗ ಈ ನೆನಪು ತೊಡಕಾಗುತ್ತದೆ. ಅಲ್ಲಿದ್ದ ಕಂಪೈಲರ್ ಇಲ್ಲಿ ಇರುವುದಿಲ್ಲ, ಇದ್ದರೂ ಅಲ್ಲಿ ಒಪ್ಪಿದ ಆಯ್ಕೆಯನ್ನು ಇಲ್ಲಿಯದು ಒಪ್ಪುವುದಿಲ್ಲ. ಬರೆದಿಟ್ಟಿರುವ ವಿವರಗಳನ್ನು ಸಿಸ್‌ಕಾನ್ಫಿಗ್ ಮಾಡ್ಯೂಲಿನಿಂದ ಓದಬಹುದು. ‘ಪೈಥಾನ್ -ಎಂ ಸಿಸ್‌ಕಾನ್ಫಿಗ್’ ಎಂಬ ಕಮಾಂಡ್ ಕಂಪೈಲರಿನ ಹೆಸರು, ಹೆಡರ್‌ಗಳ ಜಾಗ, ವಿಸ್ತರಣೆಯ ಬಾಲ ಎಲ್ಲವನ್ನೂ ಪಟ್ಟಿಮಾಡುತ್ತದೆ.

ಡಿಸ್ಟ್‌ಯುಟಿಲ್ಸ್ ಪೈಥಾನ್ 3.10ರಲ್ಲಿ ಬಳಕೆಗೆ ಸಲ್ಲದೆಂದು ಘೋಷಿತವಾಗಿ, 2023ರ ಅಕ್ಟೋಬರಿನಲ್ಲಿ ಬಂದ 3.12ರಿಂದ ಪೂರ್ತಿ ಹೊರಬಿತ್ತು. ಅದೇ ಆವೃತ್ತಿಯಿಂದ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ಗಳಲ್ಲಿ ಸೆಟಪ್‌ಟೂಲ್ಸ್ ತಾನಾಗಿ ಸೇರುವುದೂ ನಿಂತಿತು. ‘ನೋ ಮಾಡ್ಯೂಲ್ ನೇಮ್ಡ್ ಡಿಸ್ಟ್‌ಯುಟಿಲ್ಸ್’ ಎಂಬ ದೂರು ಕಂಡರೆ ಸೆಟಪ್‌ಟೂಲ್ಸ್ ಹಾಕಿಕೊಳ್ಳಬೇಕು. ಪ್ಯಾಕೇಜಿನ ಹೊಸ ಆವೃತ್ತಿಗೆ ಹೋಗುವುದು ಇನ್ನೂ ಒಳ್ಳೆಯದು.

## ವಿಂಡೋಸ್

ವಿಂಡೋಸ್ ಜೊತೆಗೆ ಕಂಪೈಲರ್ ಬರುವುದಿಲ್ಲ. ಈ ದೋಷಗಳ ಕುಖ್ಯಾತ ಮುಖಗಳು ಅಲ್ಲೇ ಕಂಡುಬಂದದ್ದಕ್ಕೆ ಇದೇ ಕಾರಣ. ಸಿಪೈಥಾನ್‌ನ ಅಧಿಕೃತ ವಿಂಡೋಸ್ ಆವೃತ್ತಿಗಳನ್ನು ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ನಿಂದ ಕಟ್ಟುತ್ತಾರೆ. ವಿಸ್ತರಣೆಗಳಿಗೂ ಹೊಂದುವ ಆವೃತ್ತಿಯ ಕಂಪೈಲರ್ ಬೇಕು:

- ಪೈಥಾನ್ 2.6, 2.7 ಮತ್ತು 3.0ರಿಂದ 3.2: ವಿಷುಯಲ್ ಸ್ಟುಡಿಯೊ 2008 (ಕಂಪೈಲರ್ 9.0)
- ಪೈಥಾನ್ 3.3 ಮತ್ತು 3.4: ವಿಷುಯಲ್ ಸ್ಟುಡಿಯೊ 2010 (ಕಂಪೈಲರ್ 10.0)
- ಪೈಥಾನ್ 3.5ರಿಂದ ಮುಂದಕ್ಕೆ: ವಿಷುಯಲ್ ಸ್ಟುಡಿಯೊ 2015 ಅಥವಾ ನಂತರದ್ದು (ಕಂಪೈಲರ್ 14 ಸರಣಿ)

ಇಷ್ಟು ಬಿಗಿಯಾದ ಕಟ್ಟಳೆಗೆ ಕಾರಣ ಸಿ ರನ್‌ಟೈಮ್ ಲೈಬ್ರರಿ. 2015ಕ್ಕೆ ಮುಂಚೆ ವಿಷುಯಲ್ ಸ್ಟುಡಿಯೊದ ಪ್ರತಿ ಆವೃತ್ತಿಗೂ ಅದರದೇ ರನ್‌ಟೈಮ್ ಡಿಎಲ್‌ಎಲ್ ಇರುತ್ತಿತ್ತು: 2008ಕ್ಕೆ ಎಂಎಸ್‌ವಿಸಿಆರ್90, 2010ಕ್ಕೆ ಎಂಎಸ್‌ವಿಸಿಆರ್100. ಇಂಟರ್‌ಪ್ರಿಟರ್ ಒಂದನ್ನೂ ವಿಸ್ತರಣೆ ಇನ್ನೊಂದನ್ನೂ ಬಳಸಿದರೆ ಒಂದೇ ಪ್ರೋಗ್ರಾಮಿನೊಳಗೆ ಎರಡು ರನ್‌ಟೈಮ್‌ಗಳು ಓಡುತ್ತವೆ. ಒಂದರಲ್ಲಿ ಪಡೆದ ಮೆಮೊರಿಯನ್ನು ಇನ್ನೊಂದರಲ್ಲಿ ಬಿಡುಗಡೆ ಮಾಡಿದರೂ, ಒಂದರಲ್ಲಿ ತೆರೆದ ಕಡತದ ಪಾಯಿಂಟರನ್ನು ಇನ್ನೊಂದಕ್ಕೆ ಕೊಟ್ಟರೂ ಪ್ರೋಗ್ರಾಂ ಕುಸಿಯುವ ಅಪಾಯವಿದೆ. 2015ರಲ್ಲಿ ಬಂದ ಯೂನಿವರ್ಸಲ್ ಸಿ ರನ್‌ಟೈಮ್ ಈ ಕಟ್ಟನ್ನು ಸಡಿಲಿಸಿತು. ಅಲ್ಲಿಂದ ಈಚೆಗೆ 2015, 2017, 2019, 2022ರ ಕಂಪೈಲರ್‌ಗಳು ಪರಸ್ಪರ ಹೊಂದುತ್ತವೆ.

‘ಅನೇಬಲ್ ಟು ಫೈಂಡ್ ವಿಸಿವಾರ್ಸ್‌ಆಲ್.ಬ್ಯಾಟ್’ ಎಂಬುದು ಪೈಥಾನ್ 2.7ರ ಕಾಲದಲ್ಲಿ ವಿಂಡೋಸ್ ಬಳಕೆದಾರರಿಗೆಲ್ಲ ಬಾಯಿಪಾಠವಾಗಿದ್ದ ಸಂದೇಶ. ವಿಸಿವಾರ್ಸ್‌ಆಲ್.ಬ್ಯಾಟ್ ತಾನು ಕಂಪೈಲರ್ ಅಲ್ಲ. ಪಾತ್, ಇನ್‌ಕ್ಲೂಡ್, ಲಿಬ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಸಿದ್ಧಗೊಳಿಸುವ ಚಿಕ್ಕ ಬ್ಯಾಚ್ ಕಡತ. ಡಿಸ್ಟ್‌ಯುಟಿಲ್ಸ್ ರಿಜಿಸ್ಟ್ರಿಯಲ್ಲಿ ವಿಷುಯಲ್ ಸ್ಟುಡಿಯೊದ ಜಾಗ ನೋಡಿ, ಈ ಕಡತವನ್ನು ಓಡಿಸಿ, ಸಿಕ್ಕ ವೇರಿಯಬಲ್‌ಗಳನ್ನು ತನ್ನದಾಗಿಸಿಕೊಳ್ಳುತ್ತಿತ್ತು. 2010 ಅಥವಾ 2012ರ ವಿಷುಯಲ್ ಸ್ಟುಡಿಯೊ ಹಾಕಿಕೊಂಡಿದ್ದರೂ ಇದೇ ದೂರು ಬರುತ್ತಿತ್ತು, ಏಕೆಂದರೆ 2.7 ಹುಡುಕುತ್ತಿದ್ದುದು 2008ನ್ನು ಮಾತ್ರ. ‘ವಿಎಸ್90ಕಾಮ್‌ಎನ್‌ಟೂಲ್ಸ್’ ವೇರಿಯಬಲ್‌ಗೆ 2010ರ ದಾರಿಯನ್ನು ತುಂಬಿ ಅದನ್ನು ನಂಬಿಸುವ ಉಪಾಯ ಆಗ ವ್ಯಾಪಕವಾಗಿತ್ತು. ಕಟ್ಟುವ ಕೆಲಸವೇನೋ ಮುಗಿಯುತ್ತಿತ್ತು, ಆದರೆ ಎರಡು ರನ್‌ಟೈಮ್‌ಗಳ ಅಪಾಯ ಒಳಗೇ ಉಳಿಯುತ್ತಿತ್ತು. 2008ರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ 64-ಬಿಟ್ ಕಂಪೈಲರ್ ಇರಲಿಲ್ಲವಾದ್ದರಿಂದ ವಿಂಡೋಸ್ ಎಸ್‌ಡಿಕೆ ಹಾಕಿಕೊಂಡು, ‘ಡಿಸ್ಟ್‌ಯುಟಿಲ್ಸ್_ಯೂಸ್_ಎಸ್‌ಡಿಕೆ’ ವೇರಿಯಬಲ್‌ಗೆ 1 ಎಂದು ಕೊಟ್ಟು ಕಟ್ಟಬೇಕಾಗಿತ್ತು. ಕೊನೆಗೆ 2014ರಲ್ಲಿ ಮೈಕ್ರೋಸಾಫ್ಟ್ ಪೈಥಾನ್ 2.7ಕ್ಕೆಂದೇ ಒಂದು ಉಚಿತ ಕಂಪೈಲರ್ ಪ್ಯಾಕೇಜು ಬಿಡುಗಡೆ ಮಾಡಿತು. 2.7ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು.

ಇಂದಿನ ಸಂದೇಶ ಬೇರೆ: ‘ಮೈಕ್ರೋಸಾಫ್ಟ್ ವಿಷುಯಲ್ ಸಿ++ 14.0 ಆರ್ ಗ್ರೇಟರ್ ಈಸ್ ರಿಕ್ವೈರ್ಡ್’. ಇದಕ್ಕೆ ಪೂರ್ತಿ ವಿಷುಯಲ್ ಸ್ಟುಡಿಯೊ ಬೇಕಿಲ್ಲ. ಬಿಲ್ಡ್ ಟೂಲ್ಸ್ ಎಂಬ ಪ್ರತ್ಯೇಕ ಪ್ಯಾಕೇಜು ಇಳಿಸಿಕೊಂಡು, ಇನ್‌ಸ್ಟಾಲರಿನಲ್ಲಿ ‘ಡೆಸ್ಕ್‌ಟಾಪ್ ಡೆವಲಪ್‌ಮೆಂಟ್ ವಿತ್ ಸಿ++’ ಆರಿಸಿದರೆ ಸಾಕು. ಇಲ್ಲಿ ಎರಡು ಗೊಂದಲಗಳು ಸಾಮಾನ್ಯ. ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬುದು ಕಟ್ಟಿದ ಪ್ರೋಗ್ರಾಂಗಳನ್ನು ಓಡಿಸಲು ಬೇಕಾದ ಡಿಎಲ್‌ಎಲ್‌ಗಳ ಕಟ್ಟು. ಅದರಲ್ಲಿ ಕಂಪೈಲರ್ ಇಲ್ಲ. ವಿಷುಯಲ್ ಸ್ಟುಡಿಯೊ ಕೋಡ್ ಎಂಬುದು ಎಡಿಟರ್, ಅದರಲ್ಲೂ ಇಲ್ಲ. ಇವೆರಡನ್ನು ಎಷ್ಟು ಸಲ ಹಾಕಿದರೂ ಸಂದೇಶ ಹೋಗುವುದಿಲ್ಲ.

ಕಂಪೈಲರ್ ಸಿಕ್ಕ ಮೇಲೆ ಬರುವ ದೋಷಗಳಿಗೆ ಬೇರೆ ಅರ್ಥವಿದೆ. ‘ಐಒ.ಎಚ್’ನಂಥ ಮೂಲ ಹೆಡರ್ ಸಿಗದಿದ್ದರೆ, ಅಥವಾ ‘ಎಲ್‌ಎನ್‌ಕೆ1158’ ಸಂಖ್ಯೆಯೊಂದಿಗೆ ‘ಆರ್‌ಸಿ.ಎಕ್ಸ್ಇ’ ಓಡಿಸಲಾಗಲಿಲ್ಲ ಎಂದರೆ ವಿಂಡೋಸ್ ಎಸ್‌ಡಿಕೆ ಬಿಟ್ಟುಹೋಗಿದೆ ಅಥವಾ ಅದರ ದಾರಿ ಸಿಕ್ಕಿಲ್ಲ ಎಂದು ತಿಳಿಯಬೇಕು. ‘ಎಲ್‌ಎನ್‌ಕೆ1112’ ಬಂದರೆ 32-ಬಿಟ್ ಮತ್ತು 64-ಬಿಟ್ ಕಲಬೆರಕೆಯಾಗಿದೆ. ಪೈಥಾನ್‌ಗೆ ತಕ್ಕ ನೇಟಿವ್ ಟೂಲ್ಸ್ ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿಂದ ಕಟ್ಟಬೇಕು. ‘ಎಲ್‌ಎನ್‌ಕೆ1104’ ಪೈಥಾನ್‌ನ ‘.ಲಿಬ್’ ಕಡತ ಸಿಗಲಿಲ್ಲ ಎಂದರೆ, ಬಳಸುತ್ತಿರುವುದು ಹೆಡರ್ ಮತ್ತು ಲಿಬ್‌ಗಳಿಲ್ಲದ ಎಂಬೆಡಬಲ್ ಜಿಪ್ ಆವೃತ್ತಿಯೇ ಎಂದು ನೋಡಬೇಕು. ಆ ಕಡತದ ಹೆಸರಿನ ಕೊನೆಗೆ ‘_ಡಿ’ ಇದ್ದರೆ ಮಾಡ್ಯೂಲನ್ನು ಡಿಬಗ್ ರೀತಿಯಲ್ಲಿ ಕಟ್ಟಲಾಗುತ್ತಿದೆ. ರಿಲೀಸ್ ರೀತಿಗೆ ಬದಲಿಸಬೇಕು, ಇಲ್ಲವೇ ಪೈಥಾನ್ ಇನ್‌ಸ್ಟಾಲರಿನಲ್ಲಿ ಡಿಬಗ್ ಬೈನರಿಗಳ ಆಯ್ಕೆಯನ್ನು ಸೇರಿಸಿಕೊಳ್ಳಬೇಕು.

ಮೈಕ್ರೋಸಾಫ್ಟ್ ಕಂಪೈಲರಿಗೆ ಬದಲು ಮಿನ್‌ಜಿಡಬ್ಲ್ಯೂ ಬಳಸುವವರೂ ಇದ್ದಾರೆ. ಅದು ವಿಂಡೋಸ್‌ಗೆ ತಂದ ಜಿಸಿಸಿ ಕಂಪೈಲರ್. ಡಿಸ್ಟ್‌ಯುಟಿಲ್ಸ್.ಸಿಎಫ್‌ಜಿ ಕಡತದಲ್ಲಿ ಬಿಲ್ಡ್ ವಿಭಾಗದ ಕೆಳಗೆ ‘ಕಂಪೈಲರ್=ಮಿನ್‌ಜಿಡಬ್ಲ್ಯೂ32’ ಎಂದು ಬರೆಯುವುದು ಹಳೆಯ ರೂಢಿ. ಹಳೆಯ ಪೈಥಾನ್‌ಗಳು ಅದಕ್ಕೆ ‘-ಎಂನೋ-ಸಿಗ್‌ವಿನ್’ ಎಂಬ ಆಯ್ಕೆ ಕೊಡುತ್ತಿದ್ದವು. ಜಿಸಿಸಿ ಆ ಆಯ್ಕೆಯನ್ನು ತೆಗೆದುಹಾಕಿದ ಮೇಲೆ ಅದೇ ಹೊಸ ದೋಷವಾಯಿತು. ಪೈಥಾನ್ 3.5 ಬಂದಾಗ ‘ಅನ್‌ನೋನ್ ಎಂಎಸ್ ಕಂಪೈಲರ್ ವರ್ಷನ್ 1900’ ಎಂಬ ಇನ್ನೊಂದು ಸಂದೇಶ ಶುರುವಾಯಿತು. 1900 ಎಂಬುದು ವಿಷುಯಲ್ ಸ್ಟುಡಿಯೊ 2015ರ ಒಳಸಂಖ್ಯೆ. ಮಿನ್‌ಜಿಡಬ್ಲ್ಯೂ ಬೆಂಬಲದ ಕೋಡಿಗೆ 2010ರ 1600ರವರೆಗೆ ಮಾತ್ರ ಗೊತ್ತಿತ್ತು. ಅಧಿಕೃತ ಪೈಥಾನ್ ಬಳಸುವವರಿಗೆ ಇಂದು ಬಿಲ್ಡ್ ಟೂಲ್ಸ್ ಉಚಿತವಾಗಿ ಸಿಗುವುದರಿಂದ ಮಿನ್‌ಜಿಡಬ್ಲ್ಯೂ ದಾರಿ ಹಿಡಿಯಬೇಕಾದ ಒತ್ತಾಯ ಕಡಿಮೆ.

## ಲಿನಕ್ಸ್

ಲಿನಕ್ಸ್‌ನಲ್ಲಿ ಕಂಪೈಲರ್ ಸುಲಭವಾಗಿ ಸಿಗುತ್ತದೆ. ತೊಡಕು ಹೆಚ್ಚಾಗಿ ಹೆಡರ್‌ಗಳದ್ದು. ಡೆಬಿಯನ್, ಉಬುಂಟು, ಫೆಡೋರಾದಂಥ ವಿತರಣೆಗಳು ಒಂದು ತಂತ್ರಾಂಶವನ್ನು ಓಡಿಸಲು ಬೇಕಾದ ಕಡತಗಳನ್ನು ಒಂದು ಪ್ಯಾಕೇಜಿನಲ್ಲೂ, ಅದರ ಮೇಲೆ ಬೇರೆಯದನ್ನು ಕಟ್ಟಲು ಬೇಕಾದ ಹೆಡರ್‌ಗಳನ್ನು ಇನ್ನೊಂದರಲ್ಲೂ ಇಡುತ್ತವೆ. ಪೈಥಾನ್ ಓಡುತ್ತಿದ್ದರೂ ‘ಪೈಥಾನ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ಸಂದೇಶ ಬರುವುದು ಇದರಿಂದಲೇ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘ಪೈಥಾನ್3-ಡೆವ್’, ಫೆಡೋರಾ ಮತ್ತು ರೆಡ್‌ಹ್ಯಾಟ್ ಬಳಗದಲ್ಲಿ ‘ಪೈಥಾನ್3-ಡೆವೆಲ್’ ಹಾಕಿದರೆ ಹೆಡರ್ ಬರುತ್ತದೆ. ವಿತರಣೆಯ ಮೂಲ ಪೈಥಾನ್ ಬಿಟ್ಟು 3.11ರಂಥ ಬೇರೆ ಆವೃತ್ತಿ ಬಳಸುತ್ತಿದ್ದರೆ ಅದೇ ಆವೃತ್ತಿಯ ಡೆವ್ ಪ್ಯಾಕೇಜು ಬೇಕು. ಬರಿಯ ಪೈಥಾನ್3-ಡೆವ್ ಮೂಲ ಆವೃತ್ತಿಯ ಹೆಡರ್ ಮಾತ್ರ ಕೊಡುತ್ತದೆ.

‘ಅನೇಬಲ್ ಟು ಎಕ್ಸಿಕ್ಯೂಟ್ ಜಿಸಿಸಿ’ ಎಂದರೆ ಕಂಪೈಲರೇ ಇಲ್ಲ. ಡೆಬಿಯನ್ ಬಳಗದಲ್ಲಿ ‘ಬಿಲ್ಡ್-ಎಸೆನ್ಶಿಯಲ್’, ಆಲ್ಪೈನ್‌ನಲ್ಲಿ ‘ಬಿಲ್ಡ್-ಬೇಸ್’ ಪ್ಯಾಕೇಜು ಕಂಪೈಲರ್, ಲಿಂಕರ್, ಮೇಕ್ ಮೂರನ್ನೂ ತರುತ್ತದೆ. ಗಾತ್ರ ಚಿಕ್ಕದಾಗಿರಲೆಂದು ಕಂಪೈಲರ್ ತೆಗೆದ ಡಾಕರ್ ಇಮೇಜುಗಳಲ್ಲಿ ಈ ದೋಷ ನಿತ್ಯದ್ದು.

ಮೂರನೆಯ ಬಗೆ ಹೊರಗಿನ ಲೈಬ್ರರಿಗಳದ್ದು. ಸೈಕೋಪಿಜಿ2 ಕಟ್ಟುವಾಗ ‘ಪಿಜಿ_ಕಾನ್ಫಿಗ್’ ಕಾಣಲಿಲ್ಲ ಎಂದರೆ ಬೇಕಿರುವುದು ಪೋಸ್ಟ್‌ಗ್ರೆಸ್‌ನ ‘ಲಿಬ್‌ಪಿಕ್ಯೂ-ಡೆವ್’. ಎಲ್‌ಎಕ್ಸ್‌ಎಂಎಲ್‌ಗೆ ‘ಲಿಬ್‌ಎಕ್ಸ್‌ಎಂಎಲ್2-ಡೆವ್’ ಮತ್ತು ‘ಲಿಬ್‌ಎಕ್ಸ್‌ಎಸ್‌ಎಲ್‌ಟಿ1-ಡೆವ್’ ಬೇಕು. ಮೈಎಸ್‌ಕ್ಯೂಎಲ್‌ಕ್ಲೈಂಟ್‌ಗೆ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿಯ ಡೆವ್ ಪ್ಯಾಕೇಜಿನ ಜೊತೆ ‘ಪಿಕೆಜಿ-ಕಾನ್ಫಿಗ್’ ಸಾಧನವೂ ಇರಬೇಕು. ಲಿಂಕರ್ ‘ಕೆನಾಟ್ ಫೈಂಡ್ -ಎಲ್’ ಎಂದು ಹೇಳಿ ಅದಕ್ಕಂಟಿಸಿ ಒಂದು ಹೆಸರು ಕೊಟ್ಟರೆ, ಆ ಹೆಸರಿಗೆ ಮುಂದೆ ‘ಲಿಬ್’ ಸೇರಿಸಿ ಡೆವ್ ಪ್ಯಾಕೇಜು ಹುಡುಕುವುದು ರೂಢಿ.

‘ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್’ ಎಂಬುದು ಸಿದ್ಧತೆಯ ದೋಷವಲ್ಲ. ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ ಕಂಪೈಲರನ್ನು ಕೊಂದಿದೆ. ಕಡಿಮೆ ಮೆಮೊರಿಯ ಸರ್ವರ್‌ಗಳಲ್ಲಿ ಏಕಕಾಲದ ಕೆಲಸಗಳ ಸಂಖ್ಯೆ ಇಳಿಸುವುದು ಅಥವಾ ಸ್ವಾಪ್ ಜಾಗ ಸೇರಿಸುವುದು ಇದಕ್ಕೆ ಮದ್ದು.

## ಮ್ಯಾಕ್‌ಓಎಸ್

ಆಪಲ್ ತನ್ನ ಕ್ಲ್ಯಾಂಗ್ ಕಂಪೈಲರನ್ನು ಎಕ್ಸ್‌ಕೋಡ್ ಜೊತೆಗೂ, ಕಮಾಂಡ್ ಲೈನ್ ಟೂಲ್ಸ್ ಎಂಬ ಪ್ರತ್ಯೇಕ ಕಟ್ಟಾಗಿಯೂ ಕೊಡುತ್ತದೆ. ‘ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್’ ಕಮಾಂಡ್ ಎರಡನೆಯದನ್ನು ಇಳಿಸುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಈ ಕಟ್ಟು ಕಳೆದುಹೋಗಿ ‘ಇನ್‌ವ್ಯಾಲಿಡ್ ಆ್ಯಕ್ಟಿವ್ ಡೆವಲಪರ್ ಪಾತ್’ ಎಂಬ ಸಂದೇಶ ಬರುವುದುಂಟು. ಅದೇ ಕಮಾಂಡನ್ನು ಮತ್ತೆ ಓಡಿಸಿದರೆ ಸಾಕು. 2018ರ ಮೊಹಾವಿ ಆವೃತ್ತಿಯಿಂದ ಹೆಡರ್‌ಗಳು ‘ಯುಎಸ್ಆರ್/ಇನ್‌ಕ್ಲೂಡ್’ ಫೋಲ್ಡರಿನಲ್ಲಿ ಇರುವುದಿಲ್ಲ, ಎಸ್‌ಡಿಕೆಯ ಒಳಗಿರುತ್ತವೆ. ಹಳೆಯ ಜಾಗವನ್ನೇ ನಂಬಿದ ಸೆಟಪ್.ಪೈ ಕಡತಗಳು ಹಾಗಾಗಿ ಎಡವುತ್ತವೆ.

ಇಂಟರ್‌ಪ್ರಿಟರಿನ ನೆನಪು ಎಂಥ ತೊಡಕು ತರಬಲ್ಲದು ಎಂಬುದಕ್ಕೆ 2014ರ ಮಾರ್ಚ್‌ನಲ್ಲಿ ಬಂದ ಎಕ್ಸ್‌ಕೋಡ್ 5.1 ಸಾಕ್ಷಿ. ಆಪಲ್ ಕೊಡುತ್ತಿದ್ದ ಪೈಥಾನ್ ‘-ಎಂನೋ-ಫ್ಯೂಸ್ಡ್-ಮ್ಯಾಡ್’ ಎಂಬ ಜಿಸಿಸಿ ಆಯ್ಕೆಯನ್ನು ನೆನಪಿಟ್ಟುಕೊಂಡಿತ್ತು. ಅಲ್ಲಿಯವರೆಗೆ ಗೊತ್ತಿಲ್ಲದ ಆಯ್ಕೆಗಳಿಗೆ ಎಚ್ಚರಿಕೆ ಮಾತ್ರ ಕೊಡುತ್ತಿದ್ದ ಕ್ಲ್ಯಾಂಗ್, 5.1ರಲ್ಲಿ ಅವನ್ನು ದೋಷವೆಂದು ಎಣಿಸತೊಡಗಿತು. ಕೋಡ್ ಬದಲಾಗಿರಲಿಲ್ಲ, ಪೈಥಾನ್ ಬದಲಾಗಿರಲಿಲ್ಲ. ಆದರೂ ಆ ಪೈಥಾನ್ ಮೇಲೆ ವಿಸ್ತರಣೆಗಳನ್ನು ಕಟ್ಟುವುದು ನಿಂತಿತು. ‘ಆರ್ಚ್‌ಫ್ಲ್ಯಾಗ್ಸ್’ ವೇರಿಯಬಲ್ ಮೂಲಕ ಆ ದೋಷವನ್ನು ಮತ್ತೆ ಎಚ್ಚರಿಕೆಯ ಮಟ್ಟಕ್ಕೆ ಇಳಿಸುವುದು ಆಗ ಬಳಕೆಗೆ ಬಂದ ತಾತ್ಕಾಲಿಕ ಪರಿಹಾರ.

2020ರ ನವೆಂಬರಿನಲ್ಲಿ ಎಂ1 ಚಿಪ್ ಬಂದ ಮೇಲೆ ಎರಡು ಬಗೆಯ ಪ್ರೊಸೆಸರ್‌ಗಳ ಸಮಸ್ಯೆ ಸೇರಿಕೊಂಡಿತು. ರೊಸೆಟಾ ಎಂಬ ಅನುವಾದಕದ ಮೂಲಕ ಓಡುವ ಇಂಟೆಲ್ ಪೈಥಾನ್ ಮತ್ತು ಆರ್ಮ್‌ಗೆ ಕಟ್ಟಿದ ಲೈಬ್ರರಿ ಬೆರೆತರೆ ‘ಇನ್‌ಕಂಪ್ಯಾಟಿಬಲ್ ಆರ್ಕಿಟೆಕ್ಚರ್’ ಎಂಬ ದೂರು ಬರುತ್ತದೆ. ಪ್ಯಾಕೇಜುಗಳನ್ನು ಹಾಕುವ ಸಾಧನವಾದ ಹೋಮ್‌ಬ್ರೂ ಇಂಟೆಲ್ ಯಂತ್ರಗಳಲ್ಲಿ ‘ಯುಎಸ್ಆರ್/ಲೋಕಲ್’ನಲ್ಲೂ ಆಪಲ್ ಚಿಪ್ಪಿನ ಯಂತ್ರಗಳಲ್ಲಿ ‘ಒಪಿಟಿ/ಹೋಮ್‌ಬ್ರೂ’ನಲ್ಲೂ ಕಡತಗಳನ್ನು ಇಡುತ್ತದೆ. ಎರಡನೆಯ ಜಾಗವನ್ನು ಕ್ಲ್ಯಾಂಗ್ ತಾನಾಗಿ ನೋಡುವುದಿಲ್ಲ. ‘ಸಿಫ್ಲ್ಯಾಗ್ಸ್’ ಮತ್ತು ‘ಎಲ್‌ಡಿಫ್ಲ್ಯಾಗ್ಸ್’ ವೇರಿಯಬಲ್‌ಗಳಲ್ಲಿ ದಾರಿ ಹೇಳಬೇಕು. ಓಪನ್‌ಎಂಪಿ ಬಳಸುವ ಪ್ಯಾಕೇಜುಗಳಲ್ಲಿ ‘-ಎಫ್ಓಪನ್‌ಎಂಪಿ’ ಆಯ್ಕೆಯನ್ನು ಆಪಲ್‌ನ ಕ್ಲ್ಯಾಂಗ್ ನೇರವಾಗಿ ಒಪ್ಪದಿರುವುದು ಇನ್ನೊಂದು ತೊಡಕು. ಲಿಬ್‌ಒಎಂಪಿ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು.

## ಆವೃತ್ತಿಗಳು ಬದಲಾದಾಗ

ಏರ್ಪಾಡೆಲ್ಲ ಸರಿಯಿದ್ದೂ ಕಟ್ಟುವುದು ವಿಫಲವಾದರೆ, ಸೋರ್ಸ್ ಕೋಡ್ ಹಳೆಯದಾಗಿರುವ ಸಾಧ್ಯತೆ ಹೆಚ್ಚು. ಸಿಪೈಥಾನ್‌ನ ಒಳರಚನೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. 3.9ರ ಮೇಲೆ ‘ಟಿಪಿ_ಪ್ರಿಂಟ್’ ಎಂಬ ಸದಸ್ಯ ಇಲ್ಲ ಎಂಬ ದೂರು, 3.11ರ ಮೇಲೆ ‘ಲಾಂಗ್‌ಇಂಟ್‌ರೆಪ್ರ್.ಎಚ್’ ಸಿಗಲಿಲ್ಲ ಎಂಬ ದೂರು, 3.12ರ ಮೇಲೆ ‘ಒಬಿ_ಡಿಜಿಟ್’ ಇಲ್ಲ ಎಂಬ ದೂರು ಈ ಜಾತಿಯವು. ಇವುಗಳಲ್ಲಿ ಹೆಚ್ಚಿನವು ಪೈಥಾನ್ ಮಾದರಿಯ ಕೋಡನ್ನು ಸಿ ಭಾಷೆಗೆ ಬದಲಿಸುವ ಸೈಥಾನ್‌ನ ಹಳೆಯ ಆವೃತ್ತಿಗಳು ಹುಟ್ಟಿಸಿದ ಸಿ ಕಡತಗಳಿಂದ ಬರುತ್ತವೆ. ಪ್ಯಾಕೇಜಿನ ಹೊಸ ಆವೃತ್ತಿಗೆ ಹೋಗುವುದು, ಇಲ್ಲವೇ ಹೊಸ ಸೈಥಾನ್‌ನಿಂದ ಸಿ ಕಡತವನ್ನು ಮತ್ತೆ ಹುಟ್ಟಿಸುವುದು ದಾರಿ. ಕಳೆದುಹೋದ ಹೆಡರನ್ನು ಬೇರೆಡೆಯಿಂದ ನಕಲು ಮಾಡಿ ತಂದು ಹಾಕಿದರೆ ಕಂಪೈಲರ್ ಸುಮ್ಮನಾಗಬಹುದು, ಮಾಡ್ಯೂಲ್ ಓಡುವಾಗ ಕುಸಿಯಬಹುದು.

ಕಂಪೈಲರ್‌ಗಳೂ ಬರಬರುತ್ತ ಕಟ್ಟುನಿಟ್ಟಾಗಿವೆ. ಘೋಷಿಸದ ಫಂಕ್ಷನ್ ಕರೆಯುವುದನ್ನು 2020ರ ಎಕ್ಸ್‌ಕೋಡ್ 12 ದೋಷವೆಂದು ಪರಿಗಣಿಸಿತು. 2024ರ ಜಿಸಿಸಿ 14 ಅದರ ಜೊತೆಗೆ ಹೊಂದದ ಪಾಯಿಂಟರ್ ಬಗೆಗಳನ್ನೂ ದೋಷದ ಪಟ್ಟಿಗೆ ಸೇರಿಸಿತು. ಹಿಂದೆ ಎಚ್ಚರಿಕೆಯೊಂದಿಗೆ ಕಟ್ಟಿಕೊಳ್ಳುತ್ತಿದ್ದ ಕೋಡ್ ಹೀಗೆ ಒಮ್ಮೆಲೆ ನಿಲ್ಲುತ್ತದೆ.

ಕಟ್ಟುವ ಸಾಧನಗಳ ಬದಲಾವಣೆಯೂ ಕಾರಣವಾಗಬಲ್ಲದು. 2016ರ ಪೆಪ್ 518 ಎಂಬ ಪೈಥಾನ್ ಸುಧಾರಣಾ ಪ್ರಸ್ತಾವ ಪ್ಯಾಕೇಜಿಗೆ ಬೇಕಾದ ಕಟ್ಟುವ ಸಾಧನಗಳನ್ನು ಪೈಪ್ರಾಜೆಕ್ಟ್.ಟಾಮಲ್ ಕಡತದಲ್ಲಿ ಬರೆಯುವ ಪದ್ಧತಿ ತಂದಿತು. ಪಿಪ್ ಅವನ್ನು ಒಂದು ತಾತ್ಕಾಲಿಕ, ಪ್ರತ್ಯೇಕ ಜಾಗದಲ್ಲಿ ಹಾಕಿಕೊಂಡು ಕಟ್ಟುತ್ತದೆ. ಬಳಕೆದಾರರು ತಮ್ಮ ಎನ್ವಿರಾನ್‌ಮೆಂಟ್‌ನಲ್ಲಿ ಹಾಕಿದ ಸೈಥಾನ್ ಅಥವಾ ನಂಪೈ ಅಲ್ಲಿ ಕಾಣುವುದಿಲ್ಲ. 2023ರ ಜುಲೈಯಲ್ಲಿ ಸೈಥಾನ್ 3 ಬಂದಾಗ, ಆವೃತ್ತಿಯ ಮಿತಿ ಹೇಳದಿದ್ದ ಪೈಯಾಮಲ್ 5.4 ಈ ತಾತ್ಕಾಲಿಕ ಜಾಗಕ್ಕೆ ಅದನ್ನೇ ಎಳೆದುಕೊಂಡು ಮುರಿದುಬಿತ್ತು. ‘ಪಿಪ್_ಕನ್‌ಸ್ಟ್ರೇಂಟ್’ ವೇರಿಯಬಲ್ ಮೂಲಕ ಸೈಥಾನ್ 3ಕ್ಕಿಂತ ಕೆಳಗಿನದೇ ಬೇಕೆಂದು ಹೇಳುವುದು, ಇಲ್ಲವೇ ‘--ನೋ-ಬಿಲ್ಡ್-ಐಸೊಲೇಶನ್’ ಆಯ್ಕೆಯಿಂದ ಪ್ರತ್ಯೇಕತೆಯನ್ನೇ ಬಿಡುವುದು ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ.

ಸಿ ಕಂಪೈಲರ್ ಒಂದೇ ಸಾಲದ ಕಾಲವೂ ಬಂದಿದೆ. 2021ರ ಫೆಬ್ರವರಿಯಲ್ಲಿ ಕ್ರಿಪ್ಟಾಗ್ರಫಿ ಪ್ಯಾಕೇಜಿನ 3.4 ಆವೃತ್ತಿ ರಸ್ಟ್ ಭಾಷೆಯ ಕೋಡ್ ಸೇರಿಸಿಕೊಂಡಾಗ, ಸಿದ್ಧ ಬೈನರಿ ಸಿಗದಿದ್ದ ಆಲ್ಪೈನ್ ಬಳಕೆದಾರರು ರಸ್ಟ್ ಕಂಪೈಲರ್ ಹಾಕಿಕೊಳ್ಳಬೇಕಾಯಿತು. ಸೈಪೈ ಕಟ್ಟಲು ಫೋರ್‌ಟ್ರಾನ್ ಕಂಪೈಲರ್ ಬೇಕಾಗುವುದು ಹಳೆಯ ಸಂಗತಿ.

## ಕಟ್ಟಿದ ಮೇಲೆ ಕಾಣುವ ದೋಷಗಳು

ಕಟ್ಟುವುದು ಮುಗಿದರೆ ಎಲ್ಲ ಮುಗಿದಂತಲ್ಲ. ಇಂಪೋರ್ಟ್ ಹೊತ್ತಿನಲ್ಲಿ ‘ಅನ್‌ಡಿಫೈನ್ಡ್ ಸಿಂಬಲ್’ ಎಂದರೆ ಬೇರೆ ಆವೃತ್ತಿಯ ಪೈಥಾನ್‌ಗೆ ಕಟ್ಟಿದ ಕಡತವನ್ನು ಲೋಡ್ ಮಾಡಲಾಗಿದೆ, ಇಲ್ಲವೇ ಯಾವುದೋ ಲೈಬ್ರರಿಯನ್ನು ಲಿಂಕ್ ಮಾಡುವುದು ಬಿಟ್ಟುಹೋಗಿದೆ. ಮಾಡ್ಯೂಲಿನ ಎಕ್ಸ್‌ಪೋರ್ಟ್ ಫಂಕ್ಷನ್ ಇಲ್ಲ ಎಂದರೆ ಕಡತದ ಹೆಸರಿಗೂ ‘ಪೈಇನಿಟ್’ ಫಂಕ್ಷನ್ನಿನ ಹೆಸರಿಗೂ ತಾಳೆಯಾಗುತ್ತಿಲ್ಲ. ವಿಂಡೋಸ್‌ನಲ್ಲಿ ‘ಡಿಎಲ್‌ಎಲ್ ಲೋಡ್ ಫೇಲ್ಡ್’ ಎಂದರೆ ಮಾಡ್ಯೂಲ್ ನೆಚ್ಚಿದ ಬೇರೊಂದು ಡಿಎಲ್‌ಎಲ್ ಸಿಕ್ಕಿಲ್ಲ. ಪೈಥಾನ್ 3.8ರಿಂದ ಇಂಥ ಡಿಎಲ್‌ಎಲ್‌ಗಳನ್ನು ಪಾತ್ ವೇರಿಯಬಲ್‌ನಲ್ಲಿ ಹುಡುಕುವುದಿಲ್ಲವಾದ್ದರಿಂದ ‘ಆ್ಯಡ್_ಡಿಎಲ್‌ಎಲ್_ಡೈರೆಕ್ಟರಿ’ ಫಂಕ್ಷನ್ ಮೂಲಕ ಫೋಲ್ಡರನ್ನು ತಿಳಿಸಬೇಕು. ನಂಪೈ 1ರ ಮೇಲೆ ಕಟ್ಟಿದ ಮಾಡ್ಯೂಲ್‌ಗಳು 2024ರ ಜೂನ್‌ನಲ್ಲಿ ಬಂದ ನಂಪೈ 2ರ ಜೊತೆ ಓಡುವುದಿಲ್ಲ. ಮತ್ತೆ ಕಟ್ಟಬೇಕು, ಇಲ್ಲವೇ ನಂಪೈಯನ್ನು 2ಕ್ಕಿಂತ ಕೆಳಗೆ ಇಡಬೇಕು.

ದೋಷ ಸಂದೇಶವೇ ಇಲ್ಲದೆ ಉಳಿಯುವ ಕೊರತೆ ಇವೆಲ್ಲಕ್ಕಿಂತ ಕಠಿಣ. ಕನ್ನಡ ಪಠ್ಯವನ್ನು ಚಿತ್ರದ ಮೇಲೆ ಮೂಡಿಸುವವರಿಗೆ ಇದರ ನೇರ ಅನುಭವವಾಗುವುದು ಪಿಲ್ಲೊದಲ್ಲಿ. ಒತ್ತಕ್ಷರ, ಕಾಗುಣಿತಗಳನ್ನು ಸರಿಯಾಗಿ ಜೋಡಿಸಲು ಪಿಲ್ಲೊ ರಕ್ಮ್ ಎಂಬ ಲೈಬ್ರರಿಯನ್ನು, ಅದರ ಮೂಲಕ ಹಾರ್ಫ್‌ಬಜ್ ಅನ್ನು ನೆಚ್ಚಿದೆ. ಸೋರ್ಸ್‌ನಿಂದ ಕಟ್ಟುವಾಗ ಜೆಪಿಇಜಿ ಲೈಬ್ರರಿ ಸಿಗದಿದ್ದರೆ ಪಿಲ್ಲೊ ಕೆಲಸ ನಿಲ್ಲಿಸಿ ದೂರು ಹೇಳುತ್ತದೆ; ರಕ್ಮ್ ಸಿಗದಿದ್ದರೆ ಆ ಸೌಲಭ್ಯವಿಲ್ಲದೆಯೇ ಕಟ್ಟಿ ಮುಗಿಸುತ್ತದೆ. ಇಂಗ್ಲಿಷ್ ಪಠ್ಯ ಸರಿಯಾಗಿ ಬರುತ್ತದೆ, ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಇದನ್ನು ಫಾಂಟಿನ ತಪ್ಪೆಂದು ಎಣಿಸುವುದು ಸುಲಭ. ಪಿಲ್ಲೊದ ಫೀಚರ್ಸ್ ಮಾಡ್ಯೂಲಿನಲ್ಲಿ ‘ರಕ್ಮ್’ ಇದೆಯೇ ಎಂದು ಕೇಳಿ, ‘ಫಾಲ್ಸ್’ ಎಂಬ ಉತ್ತರ ಬಂದರೆ ಸಿದ್ಧ ಬೈನರಿ ಹಾಕಿಕೊಳ್ಳಬೇಕು ಅಥವಾ ರಕ್ಮ್‌ನ ಹೆಡರ್‌ಗಳನ್ನು ಸೇರಿಸಿ ಮತ್ತೆ ಕಟ್ಟಬೇಕು.

## ದೋಷ ಪತ್ತೆಯ ಕ್ರಮ

ಪಿಪ್ ತೋರಿಸುವ ಉದ್ದನೆಯ ಹೊರಪಟ್ಟಿಯಲ್ಲಿ ಕೊನೆಯ ಸಾಲು ಬಹುಮಟ್ಟಿಗೆ ನಿರುಪಯುಕ್ತ. ‘ಫೇಲ್ಡ್ ಬಿಲ್ಡಿಂಗ್ ವೀಲ್’, ‘ಕಮಾಂಡ್ ಜಿಸಿಸಿ ಫೇಲ್ಡ್ ವಿತ್ ಎಕ್ಸಿಟ್ ಕೋಡ್ 1’ ಎಂಬವು ಕೆಲಸ ನಿಂತಿತು ಎಂದು ಹೇಳುತ್ತವೆ, ಏಕೆ ಎಂದು ಹೇಳುವುದಿಲ್ಲ. ಮೇಲಕ್ಕೆ ಹೋಗಿ ‘ಎರರ್’ ಎಂಬ ಪದ ಮೊದಲ ಸಲ ಕಾಣುವ ಸಾಲನ್ನು ಹಿಡಿಯಬೇಕು. ಅದರ ಕೆಳಗಿನ ದೋಷಗಳಲ್ಲಿ ಅನೇಕವು ಅದರ ಮಕ್ಕಳೇ ಆಗಿರುತ್ತವೆ. ಪೂರ್ತಿ ವಿವರಕ್ಕೆ ಪಿಪ್‌ಗೆ ‘-ವಿ’ ಆಯ್ಕೆ ಕೊಡಬಹುದು. ಮುಂದಿನ ಹೆಜ್ಜೆಗಳು ಇವು:

1. ಕಟ್ಟಲೇಬೇಕೇ ಎಂದು ನೋಡುವುದು. ‘--ಓನ್ಲಿ-ಬೈನರಿ :ಆಲ್:’ ಆಯ್ಕೆಯೊಂದಿಗೆ ಪಿಪ್ ಓಡಿಸಿದರೆ ಸಿದ್ಧ ಬೈನರಿ ಇದೆಯೇ ಇಲ್ಲವೇ ತಿಳಿಯುತ್ತದೆ. ಪಿಪ್ ಹಳೆಯದಾಗಿದ್ದರೆ ಇರುವ ಬೈನರಿಯನ್ನೂ ಗುರುತಿಸದೆ ಹೋಗಬಹುದಾದ್ದರಿಂದ ಮೊದಲು ಅದನ್ನು ಅಪ್‌ಗ್ರೇಡ್ ಮಾಡಬೇಕು.
2. ಯಾವ ಪೈಥಾನ್ ಓಡುತ್ತಿದೆ ಎಂದು ಖಚಿತಪಡಿಸಿಕೊಳ್ಳುವುದು. ‘ಪಿಪ್’ ಎಂಬ ಬರಿಯ ಹೆಸರಿಗಿಂತ ‘ಪೈಥಾನ್ -ಎಂ ಪಿಪ್’ ಬಳಸಿದರೆ ಆ ಪೈಥಾನ್‌ನದೇ ಪಿಪ್ ಓಡುತ್ತದೆ. 32-ಬಿಟ್, 64-ಬಿಟ್ ವಿಚಾರವೂ ಇಲ್ಲೇ ತೀರ್ಮಾನವಾಗಬೇಕು.
3. ಕಂಪೈಲರನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು. ಪೈಥಾನ್ ಹಂಗಿಲ್ಲದೆ ನಾಲ್ಕು ಸಾಲಿನ ಸಿ ಪ್ರೋಗ್ರಾಂ ಕಟ್ಟಿಕೊಂಡರೆ ತೊಡಕು ಕಂಪೈಲರಿನಾಚೆ ಇದೆ.
4. ಸಿಸ್‌ಕಾನ್ಫಿಗ್ ಹೇಳುವ ಕಂಪೈಲರ್ ಮತ್ತು ಹೆಡರ್ ಜಾಗ ನಿಜವಾಗಿ ಯಂತ್ರದಲ್ಲಿವೆಯೇ ನೋಡುವುದು. ಕಾಂಡಾ ಎಂಬ ಪ್ಯಾಕೇಜು ವ್ಯವಸ್ಥೆಯ ಪೈಥಾನ್‌ಗೆ ಅದರದೇ ಹೆಸರಿನ ಕಂಪೈಲರ್ ನೆನಪಿರಬಹುದು. ಆಗ ಕಾಂಡಾದ ‘ಕಂಪೈಲರ್ಸ್’ ಪ್ಯಾಕೇಜು ಹಾಕಬೇಕು.
5. ‘ಸಿಸಿ’, ‘ಸಿಫ್ಲ್ಯಾಗ್ಸ್’, ‘ಎಲ್‌ಡಿಫ್ಲ್ಯಾಗ್ಸ್’ ವೇರಿಯಬಲ್‌ಗಳಲ್ಲಿ ಹಿಂದಿನ ಪ್ರಯತ್ನದ ಕಸ ಉಳಿದಿದೆಯೇ ನೋಡಿ ತೆಗೆಯುವುದು.
6. ಹಳೆಯ ಬಿಲ್ಡ್ ಫೋಲ್ಡರ್ ಅಳಿಸಿ, ‘--ನೋ-ಕ್ಯಾಶ್-ಡಿರ್’ ಆಯ್ಕೆಯೊಂದಿಗೆ ಮತ್ತೆ ಕಟ್ಟುವುದು. ಅರ್ಧ ಕಟ್ಟಿದ ಆಬ್ಜೆಕ್ಟ್ ಕಡತಗಳು ಸರಿಯಾದ ಏರ್ಪಾಡನ್ನೂ ಕೆಡಿಸಬಲ್ಲವು.

## ವೀಲ್ ಪದ್ಧತಿ ಮತ್ತು ಇಂದಿನ ಸ್ಥಿತಿ

ಈ ದೋಷಗಳಿಗೆ ದೊಡ್ಡ ಮಟ್ಟದ ಪರಿಹಾರವೆಂದರೆ ಕಟ್ಟುವ ಹೊಣೆಯನ್ನು ಬಳಕೆದಾರರಿಂದ ಪ್ಯಾಕೇಜು ತಯಾರಕರಿಗೆ ವರ್ಗಾಯಿಸಿದ್ದು. ಅದಕ್ಕೂ ಮುಂಚೆ ವಿಂಡೋಸ್ ಬಳಕೆದಾರರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಕ್ರಿಸ್ಟೊಫ್ ಗೋಲ್ಕೆ ತಮ್ಮ ಪುಟದಲ್ಲಿ ಕಟ್ಟಿಡುತ್ತಿದ್ದ ಬೈನರಿಗಳನ್ನು ವರ್ಷಗಟ್ಟಲೆ ನೆಚ್ಚಿದ್ದರು. ಆ ಸೇವೆ 2022ರಲ್ಲಿ ನಿಂತಿತು. 2013ರಲ್ಲಿ ಒಪ್ಪಿಗೆ ಪಡೆದ ಪೆಪ್ 427 ವೀಲ್ ಎಂಬ ಸಿದ್ಧ ಪ್ಯಾಕೇಜಿನ ರೂಪ ನಿಗದಿ ಮಾಡಿತು. ವೀಲ್‌ನ ಹೆಸರಿನಲ್ಲೇ ಪೈಥಾನ್ ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಪ್ರೊಸೆಸರ್ ಬಗೆ ಬರೆದಿರುತ್ತವೆ. ಪಿಪ್ ತನಗೆ ಹೊಂದುವುದನ್ನು ಆರಿಸುತ್ತದೆ, ಹೊಂದುವುದು ಸಿಗದಿದ್ದರೆ ಮಾತ್ರ ಸೋರ್ಸ್ ಇಳಿಸಿ ಕಟ್ಟಲು ತೊಡಗುತ್ತದೆ. ವಿತರಣೆಗಳು ಬಗೆಬಗೆಯಾದ ಲಿನಕ್ಸ್‌ಗೆ 2016ರಲ್ಲಿ ಮೆನಿಲಿನಕ್ಸ್ ಎಂಬ ಒಪ್ಪಂದ ಬಂತು: ಸೆಂಟ್‌ಓಎಸ್ 5ರಷ್ಟು ಹಳೆಯ ವ್ಯವಸ್ಥೆಯ ಮೇಲೆ ಕಟ್ಟಿ, ಹೊಸದರಲ್ಲೆಲ್ಲ ಓಡುವಂತೆ ಮಾಡುವುದು ಅದರ ಉಪಾಯ. ಮಸಲ್ ಲೈಬ್ರರಿ ಬಳಸುವ ಆಲ್ಪೈನ್‌ಗೆ 2021ರಲ್ಲಿ ಮಸ್‌ಲಿನಕ್ಸ್ ಬಂತು. ಒಂದೇ ವೀಲ್ ಹಲವು ಪೈಥಾನ್ ಆವೃತ್ತಿಗಳಲ್ಲಿ ಓಡಲು ಅನುವಾಗುವ ಸ್ಥಿರ ಎಬಿಐ (ಬೈನರಿ ಮಟ್ಟದ ಒಪ್ಪಂದ) ಪೈಥಾನ್ 3.2ರಿಂದಲೇ ಇದೆ, ಒಳರಚನೆಯನ್ನು ನೇರವಾಗಿ ಮುಟ್ಟದ ಮಾಡ್ಯೂಲ್‌ಗಳಿಗೆ ಅದು ಸಲ್ಲುತ್ತದೆ.

ವೀಲ್‌ಗಳು ಹರಡಿದ ಮೇಲೂ ಕಂಪೈಲರ್ ಬೇಕಾಗುವ ಸಂದರ್ಭಗಳು ಉಳಿದಿವೆ. 3.9ರಿಂದೀಚೆಗೆ ಪ್ರತಿ ಅಕ್ಟೋಬರಿಗೆ ಒಂದು ಹೊಸ ಪೈಥಾನ್ ಬರುತ್ತದೆ. ಅದಕ್ಕೆ ಎಲ್ಲ ಪ್ಯಾಕೇಜುಗಳ ವೀಲ್ ಸಿದ್ಧವಾಗಲು ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಆ ನಡುವೆ ಹೊಸ ಪೈಥಾನ್ ಹಾಕಿಕೊಂಡವರಿಗೆ ನಿನ್ನೆಯವರೆಗೆ ಸರಾಗವಾಗಿ ಇಳಿಯುತ್ತಿದ್ದ ಪ್ಯಾಕೇಜು ಕಂಪೈಲರ್ ಕೇಳತೊಡಗುತ್ತದೆ. ಅವರಿಗೆ ಬಿಲ್ಡ್ ಟೂಲ್ಸ್‌ಗಿಂತ ಒಂದು ಆವೃತ್ತಿ ಹಿಂದಿನ ಪೈಥಾನ್ ಹೆಚ್ಚು ಸುಲಭದ ಪರಿಹಾರ. 32-ಬಿಟ್ ವಿಂಡೋಸ್‌ಗೆ ಹಲವು ಪ್ಯಾಕೇಜುಗಳು ವೀಲ್ ಕೊಡುವುದನ್ನು ನಿಲ್ಲಿಸಿವೆ. 2024ರ ಅಕ್ಟೋಬರಿನ ಪೈಥಾನ್ 3.13 ಒಮ್ಮೆಗೆ ಒಂದೇ ಥ್ರೆಡ್‌ಗೆ ಎಡೆಕೊಡುವ ಜಾಗತಿಕ ಬೀಗ (ಜಿಐಎಲ್) ಇಲ್ಲದೆ ಓಡುವ ಪ್ರಾಯೋಗಿಕ ರೂಪವನ್ನೂ ತಂದಿದೆ. ಸಾಮಾನ್ಯ ರೂಪಕ್ಕೆ ಕಟ್ಟಿದ ವೀಲ್‌ಗಳು ಅದಕ್ಕೆ ಹೊಂದುವುದಿಲ್ಲ, ಸ್ಥಿರ ಎಬಿಐಯ ಸೌಲಭ್ಯವೂ 3.13ರ ಆ ರೂಪಕ್ಕಿಲ್ಲ. ಅದನ್ನು ಬಳಸಲು ಹೊರಡುವವರು ತಮಗೆ ಬೇಕಾದ ಪ್ರತಿಯೊಂದು ವಿಸ್ತರಣೆಗೂ ಅದರದೇ ವೀಲ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಇಲ್ಲದವುಗಳನ್ನು ತಾವೇ ಕಟ್ಟಬೇಕಾಗುತ್ತದೆ.